ಸಹಾಯ ಬೇಕು: ಮಳೆ ಹಿಡಿದರೆ ಕಾರು ಸ್ಟಾರ್ಟ್ ಆಗುತ್ತಿಲ್ಲ (ಉಡುಪಿ)

ಎಲ್ಲರಿಗೂ ನಮಸ್ಕಾರ. ನನ್ನದು ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಭಾಗ) ಇರುವ ಹಳೆ ಪೆಟ್ರೋಲ್ ಕಾರು. ಮನೆ ಮಲ್ಪೆ ಹತ್ತಿರ, ಶೆಡ್ ಇಲ್ಲ, ಹಲಸಿನ ಮರದ ಬುಡವೇ ಪಾರ್ಕಿಂಗ್. ಬೇಸಿಗೆಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್. ಆಟಿ (ಆಷಾಢದ ಹೊತ್ತಿನ ತುಳು ತಿಂಗಳು) ಮಳೆ ಜೋರಾದ ಮೇಲೆ ಬೆಳಿಗ್ಗೆ ಬರೀ ಕರ್‌ಕರ್ ಅಂತ ತಿರುಗುತ್ತದೆ, ಹೊತ್ತಿಕೊಳ್ಳುವುದೇ ಇಲ್ಲ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದರೆ ಏನೂ ಆಗಿಲ್ಲದ ಹಾಗೆ ಹೊರಡುತ್ತದೆ!

ಬ್ಯಾಟರಿ 12.5 ವೋಲ್ಟ್ ತೋರಿಸುತ್ತಿದೆ. ಕಾರಿನೊಳಗಿನ ಪೆಟ್ರೋಲ್ ಪಂಪಿನ ಸದ್ದೂ ಕೇಳುತ್ತದೆ. ಒಬ್ಬ ಮೆಕ್ಯಾನಿಕ್ ಸ್ಟಾರ್ಟರ್ ಬದಲಿಸಿ ಅಂದರು. ಇಂಜಿನ್ ಚೆನ್ನಾಗಿ ತಿರುಗುತ್ತಿರುವಾಗ ಸ್ಟಾರ್ಟರ್ ಯಾಕೆ, ಅಲ್ವಾ?

ನಿನ್ನೆ ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಮಗನಿಗೆ ಕೀ ತಿರುಗಿಸಲು ಹೇಳಿದೆ. ಪ್ಲಗ್ ವಯರುಗಳ ಮೇಲೆ ಸಣ್ಣ ಸಣ್ಣ ನೀಲಿ ಕಿಡಿ, ಮಿಂಚುಹುಳ ಓಡಾಡಿದ ಹಾಗೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿದರೆ ಒಳಗೆ ಬೆವರಿನಂತೆ ನೀರಿನ ಪಸೆ. ಎರಡು ಪಿನ್ನುಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆಯೂ ಇದೆ. ಹಳೆ ಬನಿಯನ್ ಬಟ್ಟೆಯಲ್ಲಿ ಒರೆಸಿ ಹಾಕಿದೆ, ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಇವತ್ತು ಬೆಳಿಗ್ಗೆ ಮತ್ತೆ ಅದೇ ರಾಗ.

ಕರೆಂಟು ಪ್ಲಗ್ಗಿಗೆ ಹೋಗದೆ ಆ ಗೆರೆಯಲ್ಲೇ ಸೋರಿ ಹೋಗುತ್ತಿದೆ ಅಂತ ನನ್ನ ಅಂದಾಜು. ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಮಾತ್ರ ಬದಲಿಸಿದರೆ ಸಾಕೇ, ವಯರ್ ಸೆಟ್ಟೂ ಬೇಕೇ? ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ನೋಡಿಸಬೇಕೇ? ಡಬ್ಲ್ಯೂಡಿ-40 (ನೀರಿನ ಪಸೆ ಓಡಿಸುವ ಸ್ಪ್ರೇ) ಹೊಡೆದು ಮಳೆಗಾಲ ದಾಟಿಸಿದವರು ಇದ್ದೀರಾ? ಹಳೆ ಕಾರಿನ ಪಾರ್ಟ್ಸ್ ಉಡುಪಿಯಲ್ಲೇ ಸಿಗುತ್ತದೋ, ಮಂಗಳೂರಿಗೇ ಹೋಗಬೇಕೋ ಅದನ್ನೂ ಹೇಳಿ. ಸೋಮವಾರ ಅಮ್ಮನನ್ನು ಮಣಿಪಾಲಕ್ಕೆ ಚೆಕಪ್‌ಗೆ ಕರೆದುಕೊಂಡು ಹೋಗಬೇಕು, ಅದಕ್ಕೇ ಸ್ವಲ್ಪ ಅರ್ಜೆಂಟು.