ಅಯ್ಯನವರಿಗೆ (ಕ್ರೈಸ್ತ ಪಾಸ್ಟರಿಗೆ) ಗುಂಪಿನಲ್ಲಿ ಪ್ರಶ್ನೆ: ರಕ್ಷಣೆಗೆ ನಂಬಿಕೆ ಸಾಕಾ, ಕ್ರಿಯೆಯೂ ಬೇಕಾ?

ದಾವಣಗೆರೆ ಸದಸ್ಯ: ಅಯ್ಯನವರೇ, ವಂದನೆ. ಬೈಬಲಿನ ಪತ್ರಗಳಲ್ಲಿ ಪೌಲ ನಂಬಿಕೆ ಸಾಕು ಅನ್ನುತ್ತಾನೆ. ಯಾಕೋಬ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನುತ್ತಾನೆ. ಯಾವುದು ಸರಿ?

ಅಯ್ಯನವರು: ಎರಡೂ. ಇಬ್ಬರೂ ತೋರಿಸುವುದು ಅಬ್ರಹಾಮನನ್ನೇ. ಪೌಲನ ಕಣ್ಣು ಆದಿಕಾಂಡ 15ರ ಮೇಲೆ. ಅಲ್ಲಿ ಅಬ್ರಹಾಮ ಸುಮ್ಮನೆ ನಂಬಿದ, ಸುನ್ನತಿ ಇನ್ನೂ ಆಗಿರಲಿಲ್ಲ. ಯಾಕೋಬ ಹೇಳುವುದು 22ನೇ ಅಧ್ಯಾಯದಲ್ಲಿ ಅವನು ಮಗ ಇಸಾಕನನ್ನು ಅರ್ಪಿಸಿದ್ದು. ಅದು ಎಷ್ಟೋ ವರ್ಷದ ಆಮೇಲಿನದು. ನಂಬಿಕೆ ನೋಡಿ ದೇವರು ಒಪ್ಪಿಕೊಂಡದ್ದು ಮೊದಲು, ಕ್ರಿಯೆ ಆಮೇಲೆ.

ಹಾಸನ ಸದಸ್ಯೆ: ನಮ್ಮಮ್ಮನಿಗೆ 74. ಲಕ್ವ ಹೊಡೆದ ಮೇಲೆ ಮೊಣಕಾಲೂರಲು ಆಗಲ್ಲ. ತಪ್ಪಿದ ಪ್ರತಿ ಪ್ರಾರ್ಥನೆಗೂ ನೋಟ್‌ಬುಕ್ಕಿನಲ್ಲಿ ಒಂದು ಗೀಟು ಹಾಕ್ತಾರೆ. ನಿನ್ನೆ ಎಣಿಸಿ ಅತ್ತರು. "ಇಷ್ಟು ಬಾಕಿ ಇಟ್ಟುಕೊಂಡು ಹೇಗೆ ಹೋಗಲಿ" ಅಂತಾರೆ.

ಕೋಲಾರ ಸದಸ್ಯ: ಫಾರ್ವರ್ಡ್ ಬಂದಿದೆ ನೋಡಿ. 21 ದಿನ ಉಪವಾಸ ಮಾಡಿ 21 ಜನಕ್ಕೆ ಕಳಿಸಿದರೆ ಹಳೇ ಬಾಕಿ ತೀರುತ್ತೆ.

ಅಯ್ಯನವರು: ಅದನ್ನು ಈಗಲೇ ಅಳಿಸಿ. ಲಕ್ವ ಹೊಡೆದವರಿಗೆ ಉಪವಾಸ ಹೇಳ್ತೀರಾ? ಮಾತ್ರೆ ನುಂಗುವವರು ಯಾರೂ ಡಾಕ್ಟರನ್ನು ಕೇಳದೆ ಉಪವಾಸ ಮಾಡಬೇಡಿ.

ಹಾಸನದ ತಂಗಿ, ಅಮ್ಮನನ್ನು ಗದರಬೇಡಮ್ಮ. ನೋಟ್‌ಬುಕ್ ಕಿತ್ತುಕೊಳ್ಳಬೇಡ. ಪಕ್ಕದಲ್ಲಿ ಕೂತು ಲೂಕ 18 ಓದು. ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನ ಹತ್ತಿರ ಲೆಕ್ಕ ಪಕ್ಕಾ ಇತ್ತು, ವಾರಕ್ಕೆ ಎರಡು ಉಪವಾಸ, ಬಂದದ್ದರಲ್ಲೆಲ್ಲ ದಶಮಾಂಶ. ಸುಂಕದವನ ಬಾಯಲ್ಲಿ ಒಂದೇ ಮಾತು, "ದೇವರೇ, ಪಾಪಿಯಾದ ನನ್ನನ್ನು ಕರುಣಿಸು." ನೀತಿವಂತನಾಗಿ ಮನೆಗೆ ಹೋದವನು ಅವನೇ. ಎಫೆಸ 2:8 ರಕ್ಷಣೆಯನ್ನು ದೇವರ ವರ ಅನ್ನುತ್ತದೆ. ನಿನ್ನ ಬಾಣಂತನದಲ್ಲಿ ಎಷ್ಟು ರಾತ್ರಿ ಎದ್ದೆ ಅಂತ ಅವರು ಗೀಟು ಹಾಕಿದ್ದರಾ, ಅವರನ್ನೇ ಕೇಳು. ಮಲಗಿದಲ್ಲೇ "ಅಪ್ಪಾ" ಅಂದರೂ ಅದು ಪ್ರಾರ್ಥನೆಯೇ. ನಿಮ್ಮ ಸಭೆಯ ಅಯ್ಯನವರನ್ನು ಮನೆಗೆ ಕರೆಸಿ ಕರ್ತನ ಭೋಜನ ಕೊಡಿಸು. ಅಳು ನಿಲ್ಲದಿದ್ದರೆ ಡಾಕ್ಟರಿಗೂ ಹೇಳು. ಲಕ್ವದ ಆಮೇಲೆ ಮನಸ್ಸು ಕುಗ್ಗುವುದುಂಟು.

ಬೀದರ್ ಸದಸ್ಯ: ಹಾಗಾದ್ರೆ ಹೇಗೆ ಬೇಕಾದರೂ ಬದುಕಬಹುದಾ?

ಅಯ್ಯನವರು: ರೋಮಾ 6 ಓದಿ. ಕೃಪೆ ಇದೆ ಅಂತ ಪಾಪದಲ್ಲೇ ಇರೋಣವೋ ಅಂತ ಪೌಲನೇ ಕೇಳಿ, ಎಂದಿಗೂ ಇಲ್ಲ ಅನ್ನುತ್ತಾನೆ.

ಮೈಸೂರು ಸದಸ್ಯ: ಕಥೋಲಿಕರು ಕ್ರಿಯೆಯಿಂದಲೇ ರಕ್ಷಣೆ ಅಂತಾರಲ್ಲ?

ಮಂಗಳೂರು ಸದಸ್ಯೆ: ಸುಮ್ನೆ ಹೇಳಬೇಡಿ. ಕೃಪೆ ಇಲ್ಲದೆ ಬರೀ ಕ್ರಿಯೆಯಿಂದ ಆಗಲ್ಲ ಅಂತ ನಮ್ಮ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿದೆ. 1999ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಪ್ರೊಟೆಸ್ಟೆಂಟರಾದ ಲೂಥರನ್ನರ ಜೊತೆ ಈ ವಿಷಯದ ಜಂಟಿ ಹೇಳಿಕೆಗೆ ಸಹಿಯೂ ಆಗಿದೆ.

ಮೈಸೂರು ಸದಸ್ಯ: ಅದೇ ಟ್ರೆಂಟ್ ಸಭೆ "ನಂಬಿಕೆ ಮಾತ್ರ" ಅನ್ನೋರನ್ನ ಶಪಿಸಿತಲ್ಲ!

ಮಂಗಳೂರು ಸದಸ್ಯೆ: ಜರ್ಮನ್ ಅನುವಾದದಲ್ಲಿ ರೋಮಾ 3:28ಕ್ಕೆ "ಮಾತ್ರ" ಸೇರಿಸಿದ್ದು ನಿಮ್ಮ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್. ಮೊದಲು ಓದಿ, ಆಮೇಲೆ ಮಾತಾಡಿ.

ಕಲಬುರಗಿ ಸದಸ್ಯ: ಕೊನೆಗಾಲದಲ್ಲಿ ನಂಬಿಕೆ ಕಳಕೊಂಡವರ ಗತಿ ಏನು, ಅಯ್ಯನವರೇ?

ಅಯ್ಯನವರು: ಮೈಸೂರು, ಮಂಗಳೂರು, ಇಬ್ಬರೂ ನಿಲ್ಲಿಸಿ. ಅಂತಿಯೋಕ್ಯದಲ್ಲಿ ಅಪೊಸ್ತಲ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಊಟದ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲ ಎದುರಿಗೇ ತಪ್ಪು ಅಂದ. ಗಲಾತ್ಯ 2ರಲ್ಲಿ ನಂಬಿಕೆಯ ಮಾತು ಬರುವುದು ಆ ಪಂಕ್ತಿಭೇದದಿಂದ. ನೀವು ಇಲ್ಲಿ ಮಾಡ್ತಿರೋದೂ ಅದೇ.

ತುಮಕೂರು ಸದಸ್ಯ: ಪೌಲ ಸರಿಯೋ, ಯಾಕೋಬ ಸರಿಯೋ?

ಅಯ್ಯನವರು: ಮೇಲೆ ಬರೆದಿದ್ದೇನೆ.

ಹಾಸನ ಸದಸ್ಯೆ: ಓದಿದೆ ಅಯ್ಯನವರೇ. ಬಾಣಂತನದ ಮಾತಿಗೆ ಅಮ್ಮ ನಕ್ಕರು. ನೋಟ್‌ಬುಕ್ ಮಾತ್ರ ದಿಂಬಿನ ಕೆಳಗೇ ಇದೆ.

ಅಯ್ಯನವರು: ಇರಲಿ ಬಿಡು. ನಾಳೆಯೂ ಓದು. ಡಾಕ್ಟರಿಗೆ ಹೇಳಿದೆಯಾ?

ಮೈಸೂರು ಸದಸ್ಯ: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.