ಸಹಾಯ ಬೇಕು: ವಾರ್ಡಿನ ನಡವಳಿಕೆಗೆ ಸಹಪಾಠಿಗಳ ಮೌಲ್ಯಮಾಪನ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. 2019ರ ಹೊಸ ಪಠ್ಯಕ್ರಮದಲ್ಲಿ ಎಟ್‌ಕಾಮ್ (ಮನೋಭಾವ, ನೀತಿ, ಸಂವಹನದ ಪಾಠ) ಇದೆ, ಹುಡುಗರು ಲಾಗ್‌ಬುಕ್ಕಿನಲ್ಲಿ ಅನುಭವವನ್ನೂ ಬರೆಯುತ್ತಾರೆ. ಆದರೆ ಒಪ್ಪಿಗೆ ಕೇಳಿ, ಪರದೆ ಎಳೆದು ರೋಗಿಯನ್ನು ಪರೀಕ್ಷಿಸುವುದು, ಬೆಡ್ ನಂಬರಿನ ಬದಲು ಹೆಸರು ಹಿಡಿದು ಮಾತಾಡಿಸುವುದು, ಇವೆಲ್ಲ ರೌಂಡ್ಸ್ ಮುಗಿಸಿ ನಾವು ಹೊರಟ ಮೇಲೆ ಹೇಗಿರುತ್ತವೆ ಅಂತ ಜೊತೆಯವರಿಗೇ ಗೊತ್ತು. ಅದಕ್ಕೇ ಈ ಪೋಸ್ಟಿಂಗಿನಿಂದ (ವಾರ್ಡಿನ ತರಬೇತಿ ಅವಧಿಯಿಂದ) ಸಹಪಾಠಿ ಮೌಲ್ಯಮಾಪನ, ಸ್ವಯಂ ಮೌಲ್ಯಮಾಪನ ಎರಡನ್ನೂ ಶುರು ಮಾಡಬೇಕೆಂದಿದ್ದೇನೆ. ಇಂಟರ್ನಲ್ ಅಂಕಕ್ಕೆ ಸೇರಿಸುವುದಿಲ್ಲ. ಸೇರಿಸಿದರೆ ಸ್ನೇಹಿತರು ಒಬ್ಬರಿಗೊಬ್ಬರು ಪೂರ್ತಿ ಅಂಕ ಹಾಕಿಬಿಡುತ್ತಾರೆ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ, ವೃತ್ತಿಪರ ನಡವಳಿಕೆಯನ್ನು ಅಳೆಯುವ ಪಿ-ಮೆಕ್ಸ್ ಫಾರಂ ನೋಡಿದೆ, 24 ಅಂಶಗಳಿವೆ. ಚೆನ್ನಾಗಿದೆ. ಆದರೆ ಅದು ಒಂದು ಸಂದರ್ಭವನ್ನು ಕಣ್ಣಾರೆ ನೋಡಿ ತುಂಬುವಂಥದ್ದು, ನನಗೆ ಇಡೀ ಪೋಸ್ಟಿಂಗಿಗೆ ಹೊಂದುವಂಥದ್ದು ಬೇಕು.

ಇದನ್ನು ಮಾಡಿ ನೋಡಿದವರು ದಯವಿಟ್ಟು ಹೇಳಿ: ಸಣ್ಣ ಬ್ಯಾಚಿನಲ್ಲಿ ಬರೆದವರು ಯಾರೆಂದು ತಿಳಿಯದಂತೆ ಹೇಗೆ ನೋಡಿಕೊಂಡಿರಿ? ಅದಕ್ಕಿಂತ ಮುಖ್ಯವಾಗಿ, ತನಗೆ ತಾನೇ ತುಂಬಾ ಕಡಿಮೆ ಹಾಕಿಕೊಳ್ಳುವ, ಸಂಕೋಚದ ಮಕ್ಕಳಿಗೆ ಜೊತೆಯವರ ಅಭಿಪ್ರಾಯವನ್ನು ಹೇಗೆ ತಲುಪಿಸಿದಿರಿ? ಒಂದು ಮಾತಿಗೆ ಅವರು ಕುಗ್ಗಿಹೋಗಬಾರದು ಅನ್ನುವುದೇ ನನ್ನ ಚಿಂತೆ.

ನಿಮ್ಮ ಫಾರಂ ಇದ್ದರೆ, ಅರ್ಧಂಬರ್ಧ ಆದರೂ ಸರಿ, ಇಲ್ಲೇ ಹಾಕಿ.