ಡೋಸ್ ಇಳಿದಿದೆ, ಮಗಳಿಗೆ ಇನ್ಸುಲಿನ್ ನಿಲ್ಲಿಸಬಹುದಾ?

ಪ್ರಶ್ನೆ (ತಾಯಿ, ಮದ್ದೂರು ಹತ್ತಿರದ ಹಳ್ಳಿ): ಡಾಕ್ಟ್ರೇ, ನಮಸ್ಕಾರ. ಮಗಳಿಗೆ 8 ವರ್ಷ. ಹೋದ ತಿಂಗಳು ವಿಪರೀತ ಬಾಯಾರಿಕೆ, ರಾತ್ರಿ ಹಾಸಿಗೆಯಲ್ಲೇ ಉಚ್ಚೆ, ಮೈಯೂ ಇಳಿದುಹೋಯಿತು. ಮೈಸೂರಿನಲ್ಲಿ ಅಡ್ಮಿಟ್ ಮಾಡಿದಾಗ ಟೈಪ್ 1 ಶುಗರ್ ಅಂದರು. ಈಗ ಆಡಿಕೊಂಡಿದ್ದಾಳೆ. ಡಾಕ್ಟರೇ ಡೋಸ್ ಕಮ್ಮಿ ಮಾಡಿದ್ದಾರೆ. ನಮ್ಮತ್ತೆ ನಾಟಿ ಔಷಧಿ ತರಿಸಿ ಕೊಡ್ತಿದ್ದಾರೆ. ಅದರಿಂದಲೇ ವಾಸಿಯಾಗ್ತಿದೆ, ಮಗೂಗೆ ಇನ್ನು ಸೂಜಿ ಚುಚ್ಚಬೇಡ ಅಂತಾರೆ. ನಿಲ್ಲಿಸಬಹುದಾ? ಆಲೆಮನೆ ಬೆಲ್ಲ ತಿಂದೇ ಬಂತು ಅಂತಾರಲ್ಲ, ನಿಜವಾ?

ಉತ್ತರ (ಮಕ್ಕಳ ವೈದ್ಯೆ, ಮೈಸೂರು): ನಿಲ್ಲಿಸಬೇಡಿ ಅಮ್ಮ. ಒಂದು ದಿನವೂ ಬೇಡ.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಮಗುವಿನ ರೋಗನಿರೋಧಕ ಶಕ್ತಿಯೇ ಹಾಳು ಮಾಡಿರುತ್ತದೆ. ಬೆಲ್ಲಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾಯಿಲೆ ಗೊತ್ತಾಗುವ ಹೊತ್ತಿಗೆ ಒಂದಷ್ಟು ಕೋಶಗಳು ಇನ್ನೂ ಉಳಿದಿರುತ್ತವೆ. ಹೊರಗಿನಿಂದ ಇನ್ಸುಲಿನ್ ಸಿಕ್ಕ ಮೇಲೆ ಅವು ಚೇತರಿಸಿಕೊಂಡು ಕೆಲವು ವಾರವೋ ತಿಂಗಳೋ ಕೆಲಸ ಮಾಡುತ್ತವೆ. ಇದಕ್ಕೆ ಹನಿಮೂನ್ ಹಂತ ಅಂತೀವಿ. ಡೋಸ್ ಇಳಿಯುವುದು ಅದರಿಂದ. ಆಮೇಲೆ ಮತ್ತೆ ಏರುತ್ತದೆ. ನಾಟಿ ಔಷಧಿಗೆ ಹೆಸರು ಬರುವುದೂ ಇದೇ ಸಮಯದಲ್ಲಿ, ಅದಕ್ಕೇ ನನಗೆ ಭಯ.

ಇನ್ಸುಲಿನ್ ಬಿಟ್ಟರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರುತ್ತದೆ. ವಾಂತಿ, ಹೊಟ್ಟೆನೋವು, ಜೋರು ಉಸಿರು, ಮಂಪರು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ನಿಮಗೆ ಮಂಡ್ಯದ ಮಿಮ್ಸ್ ಆಸ್ಪತ್ರೆ ಹತ್ತಿರ, ಸೀದಾ ಹೋಗಿ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ತಾಯಿ: ಅರ್ಥವಾಯಿತು ಡಾಕ್ಟ್ರೇ. ಮುದ್ದೆ ಎಷ್ಟು ಬೇಕಾದರೂ ತಿನ್ನಲಿ ಅಂತಾರೆ, ಸರಿನಾ? ಸ್ಕೂಲಲ್ಲಿ ಶುಗರ್ ಇಳಿದರೆ?

ಉತ್ತರ: ರಾಗಿಯಲ್ಲೂ ಪಿಷ್ಟ ಜಾಸ್ತಿ, ಅದೂ ಶುಗರ್ ಏರಿಸುತ್ತದೆ. ಮುದ್ದೆ ಬಿಡಿಸಬೇಕಿಲ್ಲ. ದಿನಾ ಒಂದೇ ಲೋಟದಲ್ಲಿ ಹಿಟ್ಟು ಅಳೆಯಿರಿ, ಮಗಳ ಮುದ್ದೆ ಬೇರೆ ಕಟ್ಟಿ. ಎಷ್ಟು ಹಿಟ್ಟಿಗೆ ಎಷ್ಟು ಯೂನಿಟ್ ಅಂತ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಸ್ಕೂಲ್ ಬ್ಯಾಗಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈ ನಡುಕ, ಬೆವರು, ಸುಮ್ನೆ ಮಂಕಾಗಿ ಕೂರುವುದು, ಇವು ಶುಗರ್ ಇಳಿದ ಗುರುತು. 70ಕ್ಕಿಂತ ಕಡಿಮೆ ಇದ್ದರೆ ಎರಡು ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಸೇರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕು. ಇದನ್ನು ಟೀಚರಿಗೆ ಹೇಳಿ, ಕಾಗದದಲ್ಲೂ ಬರೆದುಕೊಡಿ.

ಅತ್ತೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಮೊಮ್ಮಗಳಿಗೆ ಚುಚ್ಚುವುದನ್ನು ನೋಡಲಾರದೆ ಹೇಳ್ತಿದ್ದಾರೆ. ಮುಂದಿನ ಸಲ ಚೆಕಪ್ಪಿಗೆ ಅವರನ್ನೂ ಕರೆದುಕೊಂಡು ಹೋಗಿ, ಹನಿಮೂನ್ ಹಂತದ ವಿಷಯ ಅಲ್ಲಿನ ಡಾಕ್ಟರ ಬಾಯಲ್ಲೇ ಕೇಳಲಿ. ಆ ಔಷಧಿ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ ತೋರಿಸಿ. ಒಳಗೆ ಏನಿದೆ ಅಂತ ಗೊತ್ತಾಗುವವರೆಗೂ ಮಗುವಿಗೆ ಕೊಡಬೇಡಿ.